ತಂತಿಗಿಂತ ಮುಂಚೆ ಬಂದ ಕಟ್ಟಳೆ

ಹಳ್ಳಿ ಹಳ್ಳಿಗೂ ಬ್ರಾಡ್‌ಬ್ಯಾಂಡ್ ಒಯ್ಯುವ ಭಾರತ್‌ನೆಟ್ ಯೋಜನೆಗೆ ಕೇಂದ್ರ ಸರ್ಕಾರವು 2023ರ ಆಗಸ್ಟ್ ತಿಂಗಳಲ್ಲಿ 1,39,579 ಕೋಟಿ ರೂಪಾಯಿಗಳ ಹೊಸ ಮಂಜೂರಾತಿ ಕೊಟ್ಟಿತು. ದೇಶದ 2 ಲಕ್ಷ 64 ಸಾವಿರ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿಯನ್ನು ಹೊಸ ರೀತಿಯಲ್ಲಿ ಜೋಡಿಸುವುದು, ಪಂಚಾಯಿತಿ ಕೇಂದ್ರಗಳಲ್ಲದ 3 ಲಕ್ಷ 80 ಸಾವಿರ ಹಳ್ಳಿಗಳಿಗೆ ಬೇಡಿಕೆ ಬಂದಂತೆ ತಂತಿ ಎಳೆಯುವುದು, ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವುದು, ಇವು ಅದರ ಉದ್ದೇಶಗಳು. ಇಷ್ಟು ದೊಡ್ಡ ಮೊತ್ತ ತಮ್ಮ ಹೆಸರಿನಲ್ಲಿ ಖರ್ಚಾಗುತ್ತಿರುವಾಗ ಹಳ್ಳಿಯ ಜನರು ಹಿಗ್ಗಬೇಕಾಗಿತ್ತು. ಅವರು ಹಿಗ್ಗಿಲ್ಲ. ಸಂತೆಯಲ್ಲಿ, ಹಾಲಿನ ಡೇರಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಜಗಲಿಯಲ್ಲಿ ಈ ವಿಷಯವಾಗಿ ಕೇಳಿದಾಗಲೆಲ್ಲ ನಮಗೆ ಸಿಕ್ಕಿದ ಉತ್ತರ ಒಂದೇ: "ಬಂದ ಮೇಲೆ ನೋಡಣ ಬಿಡಿ, ಮೇಷ್ಟ್ರೆ."

ಈ ಮಾತನ್ನು ಅಧಿಕಾರಿವರ್ಗದವರು ಔದಾಸೀನ್ಯವೆಂದು ಕರೆಯುತ್ತಾರೆ. ಪೇಟೆಯ ಕೆಲವು ವಿದ್ಯಾವಂತರು ಅಜ್ಞಾನವೆನ್ನುತ್ತಾರೆ. ನಾವು ಎರಡನ್ನೂ ಒಪ್ಪುವುದಿಲ್ಲ. ಇದು ಅನುಭವದ ಮಾತು. ಹತ್ತು ಸಲ ಮುಹೂರ್ತ ಇಟ್ಟು ಹತ್ತು ಸಲವೂ ಮದುವೆ ನಡೆಯದ ಮನೆಯಲ್ಲಿ ಹನ್ನೊಂದನೆಯ ಲಗ್ನಪತ್ರಿಕೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಮುಹೂರ್ತಗಳ ಲೆಕ್ಕವನ್ನು ಸ್ವಲ್ಪ ನೋಡೋಣ. ಈ ಯೋಜನೆಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಅದಕ್ಕೆ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿತ್ತು. ಅಂದಾಜು ವೆಚ್ಚ ಸುಮಾರು 20 ಸಾವಿರ ಕೋಟಿ, ಅವಧಿ ಎರಡು ವರ್ಷ. ದೇಶದ ಎರಡೂವರೆ ಲಕ್ಷ ಪಂಚಾಯಿತಿಗಳೂ ಆ ಎರಡು ವರ್ಷದಲ್ಲಿ ಮುಗಿಯಬೇಕಾಗಿತ್ತು. ಸರ್ಕಾರ ಬದಲಾಯಿತು, 2015ರಲ್ಲಿ ಹೆಸರೂ ಬದಲಾಯಿತು. ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಗಿದವೆಂದು ಸಾರುವ ಹೊತ್ತಿಗೆ 2017ರ ಡಿಸೆಂಬರ್ ಬಂದಿತ್ತು. ಮುಂದೆ 2020ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿನಿಂದ ಪ್ರಧಾನಮಂತ್ರಿಗಳು 1000 ದಿನಗಳಲ್ಲಿ ದೇಶದ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಫೈಬರ್ ತಲುಪಿಸುವುದಾಗಿ ವಾಗ್ದಾನ ಮಾಡಿದರು. ಆ ಸಾವಿರ ದಿನಗಳು 2023ರ ಮೇ ತಿಂಗಳಲ್ಲಿ ಮುಗಿದವು. ತಂತಿ ಆರು ಲಕ್ಷ ಹಳ್ಳಿಗಳಿಗೆ ಮುಟ್ಟಿರಲಿಲ್ಲ. ಮೂರು ತಿಂಗಳು ಕಳೆದ ಮೇಲೆ ಹೊಸ ಮಂಜೂರಾತಿ ಬಂತು.

ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದಿದ್ದರೂ ವಿಳಂಬ ಮಾತ್ರ ಕುರ್ಚಿ ಬಿಟ್ಟಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹಾಗಾದರೆ ಏನೂ ಆಗಿಲ್ಲವೆ? ಹಾಗೆಂದರೆ ಸುಳ್ಳು ಹೇಳಿದಂತಾಗುತ್ತದೆ. ಲಕ್ಷಾಂತರ ಕಿಲೋಮೀಟರು ಫೈಬರ್ ನೆಲದಡಿಯಲ್ಲಿ ಹೋಗಿದೆ. ಸರ್ಕಾರದ ಲೆಕ್ಕದ ಪ್ರಕಾರ 2025ರ ವೇಳೆಗೆ ಸುಮಾರು 2 ಲಕ್ಷ 14 ಸಾವಿರ ಪಂಚಾಯಿತಿಗಳು "ಸೇವೆಗೆ ಸಿದ್ಧ"ವಾಗಿದ್ದವು. ಈ "ಸೇವೆಗೆ ಸಿದ್ಧ" ಎಂಬ ಎರಡು ಪದಗಳನ್ನು ನಾವು ಬಿಡಿಸಿ ನೋಡಬೇಕಾಗಿದೆ. ಪಂಚಾಯಿತಿ ಕಚೇರಿಗೆ ಎಳೆ ಬಂದು, ಒಂದು ಪೆಟ್ಟಿಗೆ ಕೂತು, ಒಂದು ದಿನ ದೀಪ ಹತ್ತಿತೆಂದರೆ ಆ ಊರು ಸಿದ್ಧವಾದ ಊರುಗಳ ಪಟ್ಟಿಗೆ ಸೇರುತ್ತದೆ. ಮಾರನೆಯ ದಿನ ದೀಪ ಆರಿದರೂ ಪಟ್ಟಿಯಿಂದ ಹೆಸರು ಹೋಗುವುದಿಲ್ಲ.

ಹಿಂದೆ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ನಮಗೆ ಈ ಲೆಕ್ಕದ ಗುಟ್ಟು ಬಹಳ ಬೇಗ ತಿಳಿಯುತ್ತದೆ. ಜೂನ್ ತಿಂಗಳಲ್ಲಿ ದಾಖಲಾದ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ವರ್ಷವಿಡೀ ಇರುತ್ತದೆ. ಹುಡುಗ ಅಡಿಕೆ ತೋಟದಲ್ಲಿ ಕೂಲಿಗೆ ಹೋಗಿರುತ್ತಾನೆ. ದಾಖಲಾತಿಯನ್ನೇ ಹಾಜರಿಯೆಂದು ಮೇಲಿನವರಿಗೆ ಬರೆದು ಕಳಿಸುವ ಮೇಷ್ಟರು ಒಳ್ಳೆಯ ವರದಿ ಪಡೆಯಬಹುದು. ಹುಡುಗ ಮಾತ್ರ ಅಕ್ಷರ ಕಲಿಯುವುದಿಲ್ಲ. ವಿದ್ಯುತ್ತಿನ ವಿಷಯದಲ್ಲಿಯೂ ನಡೆದದ್ದು ಇದೇ. ಹಳ್ಳಿಯ ನೂರು ಮನೆಗಳಲ್ಲಿ ಹತ್ತು ಮನೆಗೆ ದೀಪ ಬಂದು, ಶಾಲೆ ಪಂಚಾಯಿತಿಗಳಿಗೆ ಸಂಪರ್ಕ ಸಿಕ್ಕರೆ ಇಡೀ ಹಳ್ಳಿ ವಿದ್ಯುದೀಕರಣವಾಯಿತೆಂದು ಎಣಿಸುವ ಕ್ರಮವಿತ್ತು. ಆ ಕ್ರಮದಲ್ಲಿಯೇ ಎಣಿಸಿ 2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಹಳ್ಳಿಗಳಿಗೂ ಬೆಳಕು ಬಂತೆಂದು ಸಾರಲಾಯಿತು. ಉಳಿದ ತೊಂಬತ್ತು ಮನೆಗಳವರು ಆ ರಾತ್ರಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿಯೇ ಈ ಸುದ್ದಿಯನ್ನು ಕೇಳಿದ್ದರೂ ಲೆಕ್ಕಕ್ಕೆ ಕುಂದು ಬರುತ್ತಿರಲಿಲ್ಲ.

ದೀಪ ಆರುವುದೇಕೆಂಬುದೂ ಜನಕ್ಕೆ ಗೊತ್ತು. ಕೂದಲೆಳೆಯಷ್ಟು ಸಪುರವಾದ ಗಾಜಿನ ಎಳೆಯಲ್ಲಿ ಬೆಳಕು ಹರಿದರೆ ಮಾತು, ಚಿತ್ರ, ಲೆಕ್ಕ ಎಲ್ಲವೂ ಹರಿಯುತ್ತವೆ. ಆ ಎಳೆಯನ್ನು ರಸ್ತೆಯ ಪಕ್ಕದಲ್ಲಿ ಹುಗಿದಿರುತ್ತಾರೆ. ರಸ್ತೆ ಅಗಲ ಮಾಡುವವರು ಬಂದು ಜೆ.ಸಿ.ಬಿ. ಹಾಕುತ್ತಾರೆ, ಕುಡಿಯುವ ನೀರಿನ ಪೈಪಿನವರು ಬಂದು ಕಾಲುವೆ ತೆಗೆಯುತ್ತಾರೆ, ಮಳೆಗಾಲದಲ್ಲಿ ಧರೆ ಕುಸಿಯುತ್ತದೆ. ಮೊದಲಿನ ಕಾಮಗಾರಿಯಲ್ಲಿ ತಾಲ್ಲೂಕು ಕೇಂದ್ರದಿಂದ ತಂತಿ ಮರದ ಕೊಂಬೆಯ ಹಾಗೆ ಕವಲೊಡೆದು ಹೋಗಿತ್ತು. ಬುಡದ ಹತ್ತಿರ ಕಡಿದರೆ ತುದಿಯವರೆಗಿನ ಪಂಚಾಯಿತಿಗಳೆಲ್ಲ ಕತ್ತಲಾಗುತ್ತಿದ್ದವು. ಹೊಸ ಯೋಜನೆಯಲ್ಲಿ ತಂತಿಯನ್ನು ಬಳೆಯ ಹಾಗೆ ಸುತ್ತು ಹಾಕಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಹತ್ತು ವರ್ಷಗಳ ನಿರ್ವಹಣೆಯ ಹೊಣೆಯನ್ನೂ ಗುತ್ತಿಗೆಯಲ್ಲಿ ಸೇರಿಸಿದ್ದಾರೆ. ಹಿಂದಿನ ತಪ್ಪಿನಿಂದ ಪಾಠ ಕಲಿತ ಈ ಬದಲಾವಣೆಗಳನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಬಳೆ ಎಷ್ಟು ಚೆನ್ನಾಗಿದ್ದರೂ ಒಡೆದಾಗ ಹೇಳಿಕೊಳ್ಳಲು ಒಬ್ಬ ಮನುಷ್ಯ ಬೇಕು.

ನಾವು ಈಚೆಗೆ ಹೋಗಿದ್ದ ಒಂದು ಊರಿನ ಪಂಚಾಯಿತಿ ಕಚೇರಿಯಲ್ಲಿ ಫೈಬರ್ ಪೆಟ್ಟಿಗೆ ಬೀರುವಿನೊಳಗೆ ಬೀಗ ಹಾಕಿಕೊಂಡು ಕುಳಿತಿತ್ತು. ಕರೆಂಟು ಹೋದಾಗ ಬೇಕಾಗುವ ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಕಚೇರಿಯ ಕೆಲಸವನ್ನು ಗುಮಾಸ್ತರು ತಮ್ಮ ಸ್ವಂತ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಮಾಡುತ್ತಿದ್ದರು. ರೀಚಾರ್ಜಿನ ಹಣವೂ ಅವರದೇ. ಹೊಣೆ ಯಾರದೆಂದು ಕೇಳಿದೆವು. ಪೆಟ್ಟಿಗೆ ಒಬ್ಬರದು, ತಂತಿ ಇನ್ನೊಬ್ಬರದು, ಕರೆಂಟು ಮತ್ತೊಬ್ಬರದು ಎಂಬ ಉತ್ತರ ಬಂತು. ಗುಮಾಸ್ತರು ನಗುತ್ತಲೇ ಇದನ್ನು ಹೇಳಿದರು. ನಮಗೆ ನಗು ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ತಡವಾದ ಇನ್ನೊಂದು ಸರ್ಕಾರಿ ಕಾಮಗಾರಿ, ಅಷ್ಟೆ. ಸಂಪಾದಕೀಯ ಬರೆಯುವ ಅಗತ್ಯವಿರುತ್ತಿರಲಿಲ್ಲ. ಸೇತುವೆ ತಡವಾದರೆ ಜನ ದೋಣಿಯಲ್ಲಿ ದಾಟುತ್ತಾರೆ. ಇಲ್ಲಿ ಆಗಿರುವ ಅನ್ಯಾಯ ಬೇರೆಯದು. ಸೇತುವೆ ಕಟ್ಟುವ ಮೊದಲೇ ದೋಣಿಯನ್ನು ನಿಲ್ಲಿಸಿದ್ದಾರೆ.

ತಂತಿ ಬರುವ ಮೊದಲೇ ತಂತಿಯ ಕಟ್ಟಳೆ ಬಂದಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅದು ದೂರದ ಯಂತ್ರಕ್ಕೆ ಹೋಗಿ ಒಪ್ಪಿಗೆ ಪಡೆದು ಬರಬೇಕು, ಆಮೇಲೆ ಅಕ್ಕಿ. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಮೊಬೈಲ್ ಆಪ್‌ನಲ್ಲಿಯೇ, ದಿನಕ್ಕೆ ಎರಡು ಸಲ ಫೋಟೋ ತೆಗೆದು ದಾಖಲಿಸಬೇಕೆಂದು ವಿಧಿಸಿದರು. ಬೆಳಗ್ಗೆಯಿಂದ ಕೆರೆಯ ಹೂಳು ಹೊತ್ತವರ ಹಾಜರಿ, ಕಾಯಕ ಬಂಧುವಿನ ಮೊಬೈಲಿಗೆ ಸಿಗ್ನಲ್ ಸಿಕ್ಕಿತೇ ಇಲ್ಲವೇ ಎಂಬುದರ ಮೇಲೆ ನಿಂತಿತು. ಪಹಣಿ, ಜಾತಿ ಪತ್ರ, ಬೆಳೆ ವಿಮೆ, ವಿದ್ಯಾರ್ಥಿ ವೇತನ, ವಿಧವಾ ವೇತನ, ಯಾವುದಕ್ಕೆ ಹೋದರೂ ಮೇಜಿನ ಆಚೆ ಕುಳಿತವರ ಬಾಯಲ್ಲಿ ಒಂದೇ ಮಂತ್ರ: "ಸರ್ವರ್ ಇಲ್ಲ, ನಾಳೆ ಬನ್ನಿ."

ನಾಳೆ ಬನ್ನಿ ಎಂದರೆ ಏನರ್ಥವೆಂದು ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಕುಳಿತ ಮಹನೀಯರು ಒಮ್ಮೆ ಲೆಕ್ಕ ಹಾಕಲಿ. ಹೋಬಳಿ ಕೇಂದ್ರಕ್ಕೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರ ಮುಲಾಜು. ಎರಡು ನಾಳೆಗಳಾದರೆ ಪಡೆದ ಅಕ್ಕಿಯ ಬೆಲೆಯಷ್ಟೇ ದಾರಿಯಲ್ಲಿ ಹೋಗಿರುತ್ತದೆ. ಯಂತ್ರವಾಗಲಿ ಸಂಪರ್ಕವಾಗಲಿ ಕೈಕೊಟ್ಟರೆ ಆ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆಯೇ 2017ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಬರೆದಿತ್ತು. ಆ ಕಾಗದ ಎಷ್ಟು ನ್ಯಾಯಬೆಲೆ ಅಂಗಡಿಗಳ ಗೋಡೆಯ ಮೇಲಿದೆ? ನಾವು ನೋಡಿದ ಅಂಗಡಿಗಳಲ್ಲಿ ಒಂದರಲ್ಲಿಯೂ ಕಾಣಲಿಲ್ಲ.

ಜನ ಸುಮ್ಮನೆ ಕುಳಿತಿದ್ದಾರೆಂದು ಯಾರೂ ತಿಳಿಯಬೇಕಾಗಿಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲೆಂದು ಮಳೆಯಲ್ಲಿ ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತರು. ಆ ವರ್ಷದ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ" ಎಂಬ ಕೂಗು ಎದ್ದಿತು. ಮತದಾನವನ್ನು ಬಹಿಷ್ಕರಿಸುವುದು ಸರಿಯಾದ ದಾರಿಯೇ ಎಂಬ ಬಗ್ಗೆ ನಮಗೆ ಭಿನ್ನಾಭಿಪ್ರಾಯವಿದೆ. ಆದರೆ ಆ ಕೂಗಿನ ಹಿಂದಿನ ನೋವನ್ನು ಅರ್ಥ ಮಾಡಿಕೊಳ್ಳದವನು ಪ್ರಜಾಪ್ರತಿನಿಧಿಯಾಗಲು ಯೋಗ್ಯನಲ್ಲ.

ಆ ಜಿಲ್ಲೆಯ ಜನರಿಗೆ ಈ ನೋವು ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮನೆಗಳನ್ನು ನೀರಿಗೆ ಬಿಟ್ಟು ಕಾಡು ಸೇರಿದವು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರಿನಿಂದ ನಾಡಿಗೆಲ್ಲ ಬೆಳಕು ಬಂತು. ಅವರಲ್ಲಿ ಅನೇಕರಿಗೆ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ದಾಟಿದರೂ ಇತ್ಯರ್ಥವಾಗಿಲ್ಲ. ಹಿನ್ನೀರಿನ ಆಚೆಯವರಿಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಬೆಳಕು ಕೊಟ್ಟವರು ಕತ್ತಲಲ್ಲಿದ್ದರು; ದಾರಿ ಬಿಟ್ಟವರಿಗೆ ದಾರಿಯಿರಲಿಲ್ಲ. ಈಗ ತಂತಿಯ ಸರದಿ. ಈ ಸಲವೂ ಅವರೇ ಸಾಲಿನ ಕೊನೆಯಲ್ಲಿ ನಿಲ್ಲಬೇಕೆ?

ಕೆಲವರು ನಮ್ಮನ್ನು ಕೇಳುತ್ತಾರೆ: "ಎಲ್ಲರ ಕೈಯಲ್ಲೂ ಮೊಬೈಲಿದೆ. ಸರ್ಕಾರಿ ತಂತಿ ಯಾಕೆ?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ನ್ಯಾಯ. ಮೊದಲನೆಯದಾಗಿ, ಎಲ್ಲರ ಕೈಯಲ್ಲೂ ಇಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದವರು ಸುಮಾರು 25 ಜನ, ಗಂಡಸರಲ್ಲಿ 49. ಮನೆಯ ಮೊಬೈಲು ಗಂಡಸಿನ ಜೇಬಿನಲ್ಲಿರುತ್ತದೆಂಬುದು ಯಾರಿಗೆ ಗೊತ್ತಿಲ್ಲ? ಎರಡನೆಯದಾಗಿ, ಖಾಸಗಿ ಕಂಪನಿಯ ಗೋಪುರ ಲಾಭವಿದ್ದಲ್ಲಿ ಏಳುತ್ತದೆ. ಕಾಡಿನ ಮಧ್ಯೆ ಹನ್ನೆರಡು ಮನೆಗಳಿರುವ ಕೇರಿಯಲ್ಲಿ ಅದಕ್ಕೇನು ಕೆಲಸ? ಮೂರನೆಯದಾಗಿ, 2024ರ ಜುಲೈನಲ್ಲಿ ದೇಶದ ಮೂರು ದೊಡ್ಡ ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದರಂತೆ ರೀಚಾರ್ಜಿನ ದರ ಏರಿಸಿದವು. ಬೇರೆ ಗತಿಯಿಲ್ಲದ ಗಿರಾಕಿ ತೆರಲೇಬೇಕಾಯಿತು. ಸಂತೆಯಲ್ಲಿ ಮೂವರೇ ವ್ಯಾಪಾರಿಗಳಿದ್ದು ಮೂವರೂ ಒಂದೇ ವಾರ ಬೆಲೆ ಏರಿಸಿದರೆ ಏನೆನ್ನುತ್ತಾರೋ ಅದನ್ನೇ ಇಲ್ಲಿಯೂ ಅನ್ನಬೇಕು.

ಖಾಸಗಿಯವರ ಮೇಲೆ ಭಾರ ಹಾಕುವ ಪ್ರಯೋಗವನ್ನು ಸರ್ಕಾರ ಮಾಡಿಯೂ ನೋಡಿದೆ. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳ ಕೆಲಸವನ್ನು ಖಾಸಗಿ ಪಾಲುದಾರಿಕೆಗೆ ಒಪ್ಪಿಸಲು ನಿರ್ಧರಿಸಿ, ನಷ್ಟ ತುಂಬಿಕೊಡಲು 19,041 ಕೋಟಿ ರೂಪಾಯಿಗಳನ್ನು ಮುಂದಿಟ್ಟರು. ಟೆಂಡರು ಕರೆದರೆ ಕೆಲಸ ಹಿಡಿಯುವವರೇ ಬರಲಿಲ್ಲ. ಆ ಯೋಚನೆಯನ್ನು ಕೈಬಿಡಬೇಕಾಯಿತು. ಲಾಭವಿಲ್ಲದ ಹಳ್ಳಿಗೆ ಹೋಗುವವನು ಸರ್ಕಾರದ ನೌಕರನೇ ಹೊರತು ಷೇರುದಾರನಲ್ಲವೆಂಬ ಸಾದಾ ಪಾಠವನ್ನು ಕಲಿಯಲು ಕೆಲವು ವರ್ಷಗಳೇ ಹೋದವು.

ಇನ್ನು ಕೆಲವು ಹಿರಿಯರ ಆಕ್ಷೇಪಣೆ ಬೇರೆ. ತಂತಿ ಮನೆಗೆ ಬಂದರೆ ಹುಡುಗರು ಕೆಡುತ್ತಾರೆ, ಜೂಜಿಗೆ ಬೀಳುತ್ತಾರೆ ಎನ್ನುತ್ತಾರೆ. ಆ ಭಯ ಹುಸಿಯಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಮನೆಗಳು ಮುಳುಗಿದ್ದರಿಂದಲೇ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಅವನ್ನು ನಿಷೇಧಿಸುವ ಕಾನೂನು ಮಾಡಬೇಕಾಯಿತು. ಆದರೆ ಕೆಡುವುದಕ್ಕೆ ಬೇಕಾದಷ್ಟು ಸಿಗ್ನಲ್ ಮೊಬೈಲಿನಲ್ಲಿ ಈಗಾಗಲೇ ಇದೆ. ಓದುವುದಕ್ಕೆ ಬೇಕಾದ ತಂತಿ ಬಂದಿಲ್ಲ. ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ವಿನಂತಿಸುತ್ತೇವೆ.

ಈ ಹಣ ಯಾರದು ಎಂಬುದನ್ನೂ ಜನ ತಿಳಿದಿರಬೇಕು. ಇದು ದಾನವಲ್ಲ. ಟೆಲಿಫೋನ್ ಕಂಪನಿಗಳ ವರಮಾನದಲ್ಲಿ ನೂರಕ್ಕೆ ಐದು ಪಾಲು, ಹಳ್ಳಿಗಾಡಿಗೆ ದೂರಸಂಪರ್ಕ ಒದಗಿಸಲೆಂದು 2002ರಲ್ಲಿ ಏರ್ಪಡಿಸಿದ ನಿಧಿಗೆ ಹೋಗುತ್ತದೆ. ಅದಕ್ಕೀಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ಕಂಪನಿಯ ವರಮಾನವೆಂದರೆ ನಾವು ನೀವು ಕಟ್ಟಿದ ರೀಚಾರ್ಜು. ಕೂಲಿಯವಳು ತನ್ನ ಮೊಬೈಲಿಗೆ ಹಾಕಿಸಿದ ಪ್ರತಿ ನೂರು ರೂಪಾಯಿಯಲ್ಲೂ ಈ ತಂತಿಯ ಪಾಲು ಸೇರಿದೆ. ಮುಂಗಡ ಕೊಟ್ಟವಳು ಸರಕನ್ನು ಕೇಳುತ್ತಿದ್ದಾಳೆ. ಅದನ್ನು ಭಿಕ್ಷೆಯೆಂದು ಯಾರೂ ಭಾವಿಸಬಾರದು.

ನೆರೆಯ ಕೇರಳದಲ್ಲಿ ರಾಜ್ಯ ಸರ್ಕಾರವೇ ವಿದ್ಯುತ್ ಮಂಡಲಿಯ ಕಂಬಗಳ ಮೇಲೆ ತಂತಿ ಎಳೆದು, 2023ರ ಜೂನ್‌ನಲ್ಲಿ ಕೆ-ಫೋನ್ ಎಂಬ ಜಾಲವನ್ನು ಆರಂಭಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವೆಂಬ ಅದರ ಮಾತು ಹೇಳಿದ ವೇಗದಲ್ಲಿ ನಡೆದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಂಪರ್ಕವು ಪ್ರಜೆಯ ಹಕ್ಕೆಂದು ಒಪ್ಪಿಕೊಂಡು ಕೆಲಸಕ್ಕೆ ಕೈಹಾಕುವುದಕ್ಕೂ, ಅನುಗ್ರಹವೆಂದು ಹಂಚುವುದಕ್ಕೂ ಅಂತರವಿದೆ. ಹಕ್ಕೆಂದ ಮೇಲೆ ತಡವಾದರೆ ಕೇಳಬಹುದು. ಅನುಗ್ರಹಕ್ಕೆ ಕಾಯಬೇಕಾಗುತ್ತದೆ, ಅಷ್ಟೆ.

ಆದ್ದರಿಂದ ನಾವು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಮುಂದೆ ಐದು ಒತ್ತಾಯಗಳನ್ನು ಇಡುತ್ತೇವೆ.

ಒಂದು: ಯಾವ ಪಂಚಾಯಿತಿಯಲ್ಲಿ ತಂತಿ ನಿರಂತರವಾಗಿ ನಡೆಯುತ್ತಿಲ್ಲವೋ ಅಲ್ಲಿ ಪಡಿತರ, ಕೂಲಿ, ಪಿಂಚಣಿಗಳಿಗೆ ಯಂತ್ರದ ಒಪ್ಪಿಗೆಯನ್ನು ಕಡ್ಡಾಯ ಮಾಡಕೂಡದು. ಪುಸ್ತಕದಲ್ಲಿ ಬರೆದು, ಸಹಿ ಪಡೆದು ಅಂದೇ ಕೊಡಬೇಕು. ಯಂತ್ರ ಬದುಕಿದಾಗ ಲೆಕ್ಕ ಸೇರಿಸಿಕೊಳ್ಳಲಿ.

ಎರಡು: "ಸೇವೆಗೆ ಸಿದ್ಧ" ಎಂಬ ಲೆಕ್ಕವನ್ನು ಬಿಟ್ಟು, ತಿಂಗಳಲ್ಲಿ ಎಷ್ಟು ದಿನ ದೀಪ ಉರಿಯಿತು ಎಂಬ ಲೆಕ್ಕವನ್ನು ಪ್ರತಿ ಪಂಚಾಯಿತಿಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು.

ಮೂರು: ಪಂಚಾಯಿತಿಗೊಬ್ಬ ಸ್ಥಳೀಯ ಯುವಕನಿಗೋ ಯುವತಿಗೋ ತರಬೇತಿ ಕೊಟ್ಟು, ಸಂಬಳ ಕೊಟ್ಟು ತಂತಿಯ ನಿಗಾ ಒಪ್ಪಿಸಬೇಕು. ತಂತಿ ಕಡಿದ ಇಲಾಖೆ ಯಾವುದೇ ಆಗಲಿ, ಕೂಡಿಸುವ ಖರ್ಚನ್ನು ಅದರಿಂದಲೇ ವಸೂಲು ಮಾಡಬೇಕು.

ನಾಲ್ಕು: ಮೊದಲ ಸಂಪರ್ಕ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಮತ್ತು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಸಿಗಬೇಕು. ಅರಿವು ಕೇಂದ್ರ ಸಂಜೆಯ ನಂತರವೂ ತೆರೆದಿರಬೇಕು. ಮೊಬೈಲ್ ಕೊಳ್ಳಲಾರದ ಮನೆಯ ಹುಡುಗಿ ಅಲ್ಲಿ ಕುಳಿತು ನಿರ್ಭಯವಾಗಿ ಓದುವಂತಿರಬೇಕು.

ಐದು: ಮನೆಗಳಿಗೆ ಕೊಡುವ ಸಂಪರ್ಕದ ದರವನ್ನು ಗುತ್ತಿಗೆದಾರನ ಮರ್ಜಿಗೆ ಬಿಡದೆ ಸರ್ಕಾರವೇ ನಿಗದಿ ಮಾಡಬೇಕು. ಮುಳುಗಡೆ ಸಂತ್ರಸ್ತರ ಊರುಗಳು, ಹಾಡಿಗಳು, ಗಡಿ ಹಳ್ಳಿಗಳು ಪಟ್ಟಿಯ ಮೊದಲಿಗೆ ಬರಬೇಕು.

ಇವುಗಳಲ್ಲಿ ಒಂದಕ್ಕೂ ಹೊಸ ವಿಜ್ಞಾನ ಬೇಕಾಗಿಲ್ಲ. ಮಂಜೂರಾದ ಹಣದಲ್ಲಿ ಸಣ್ಣ ಪಾಲು ಸಾಕು. ಬೇಕಾಗಿರುವುದು ಹಳ್ಳಿಯವರೂ ಲೆಕ್ಕ ಕೇಳಬಲ್ಲ ಪ್ರಜೆಗಳೆಂದು ಒಪ್ಪಿಕೊಳ್ಳುವ ಮನಸ್ಸು.

ಓದುಗ ಬಂಧುಗಳಿಗೂ ಒಂದು ಮಾತು. "ಬಂದ ಮೇಲೆ ನೋಡಣ" ಎಂಬ ಮಾತಿನ ಹಿಂದಿರುವ ಬೇಸರವನ್ನು ನಾವು ಬಲ್ಲೆವು. ಆದರೆ ಅಧಿಕಾರಿಗಳಿಗೆ ಆ ಮಾತಿಗಿಂತ ಹಿತವಾದ ಮಾತು ಬೇರೊಂದಿಲ್ಲ. ನೀವು ನೋಡುತ್ತಾ ಕುಳಿತಷ್ಟು ದಿನವೂ ಅವರಿಗೆ ಬಿಡುವು. ಗ್ರಾಮ ಸಭೆ ಎಂಬುದು ಕಾನೂನು ನಿಮಗೆ ಕೊಟ್ಟಿರುವ ಹಕ್ಕು. ಮುಂದಿನ ಸಭೆಗೆ ಹೋಗಿ. ನಿಮ್ಮ ಪಂಚಾಯಿತಿ "ಸೇವೆಗೆ ಸಿದ್ಧ"ವಾದವುಗಳ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಇದೆಯೆಂದರೆ ಎದ್ದು ನಿಂತು, ಪೆಟ್ಟಿಗೆಯಿರುವ ಬೀರುವಿನ ಬೀಗ ತೆಗೆಸಿ, ದೀಪ ಉರಿಯುತ್ತಿದೆಯೇ ಎಂದು ಎಲ್ಲರೆದುರಿಗೆ ನೋಡಿ. ಉರಿಯುತ್ತಿಲ್ಲವಾದರೆ ಅದನ್ನು ಹಾಗೆಯೇ ನಡವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ರುಜು ಹಾಕಿ, ಪ್ರತಿಯನ್ನು ಪಡೆದುಕೊಳ್ಳಿ. ಹೆಂಗಸರೂ ಹಾಕಲಿ. ರುಜು ಬಾರದವರು ಹೆಬ್ಬೆಟ್ಟು ಒತ್ತಲಿ.

ಆ ಹೆಬ್ಬೆಟ್ಟಿಗೆ ಯಾವ ಸರ್ವರಿನ ಒಪ್ಪಿಗೆಯೂ ಬೇಕಾಗಿಲ್ಲ.